ಅನ್ನದ ಋಣವೂ ಅನ್ನದ ಹಕ್ಕೂ

ಕಳೆದ ಶ್ರಾವಣದಲ್ಲಿ ಬಯಲುಸೀಮೆಯ ಒಂದು ಗ್ರಾಮದವರು ತಿಂಗಳ ಪ್ರವಚನಕ್ಕೆ ನನ್ನನ್ನು ಆಹ್ವಾನಿಸಿದ್ದರು. ಕಾಯಕತತ್ತ್ವವನ್ನು ವಿವರಿಸುತ್ತಿದ್ದ ಒಂದು ಸಂಜೆ, ಸಭೆಯ ಉತ್ಸಾಹವನ್ನು ಕಂಡು ನನ್ನ ಮಾತೂ ತುಸು ಎಲ್ಲೆ ಮೀರಿತು. ‘ದುಡಿಯದೆ ಉಣ್ಣುವ ಅನ್ನ ಮೈಗೆ ಹತ್ತುವುದಿಲ್ಲ, ಸರ್ಕಾರ ಕೊಡುವ ಪುಕ್ಕಟೆ ಅಕ್ಕಿ, ಪುಕ್ಕಟೆ ಊಟಗಳು ನಮ್ಮ ಜನರನ್ನು ಸೋಮಾರಿಗಳನ್ನಾಗಿಸುತ್ತಿವೆ’ ಎಂದೆ. ಸಭೆ ಚಪ್ಪಾಳೆ ತಟ್ಟಿತು. ನಾನೂ ಸಂತುಷ್ಟನಾಗಿಯೇ ಬಿಡಾರಕ್ಕೆ ಮರಳಿದೆ.

ಮೂರು ದಿನಗಳ ತರುವಾಯ ಆ ಊರಿನ ಅಂಗನವಾಡಿ ಕಾರ್ಯಕರ್ತೆ ನನ್ನನ್ನು ಕಾಣಲು ಬಂದರು. ‘ಶಾಸ್ತ್ರಿಗಳೇ, ನಮ್ಮ ಕೇಂದ್ರಕ್ಕೆ ಊಟಕ್ಕೆ ಬರುತ್ತಿದ್ದ ಐದು ತಿಂಗಳ ಗರ್ಭಿಣಿಯೊಬ್ಬಳು ನಿಮ್ಮ ಪ್ರವಚನದ ಮರುದಿನದಿಂದ ಬರುತ್ತಿಲ್ಲ. ದೊಡ್ಡವರೇ ಹೇಳಿದ ಮೇಲೆ ಬಿಟ್ಟಿ ಕೂಳಿಗೆ ಹೋಗಬಾರದೆಂದು ಅತ್ತೆ ತಡೆದಿದ್ದಾರೆ. ಆ ಹುಡುಗಿಯ ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿದೆ’ ಎಂದರು. ಹೇಳಬೇಕಾದಷ್ಟನ್ನು ಹೇಳಿ, ಕೈಮುಗಿದು ಹೊರಟುಹೋದರು. ಆ ಮನೆ ನಮ್ಮ ಸಮಾಜದ್ದೇ. ಎರಡು ಎಕರೆ ಮಳೆಯಾಶ್ರಿತ ಭೂಮಿ. ಗಂಡನಿಗೆ ಬೆಂಗಳೂರಿನಲ್ಲಿ ಗಾರೆ ಕೆಲಸ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಒಂಬತ್ತನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡ ನಾನು ಹದಿನಾಲ್ಕು ವರ್ಷ ಮಠದ ಪ್ರಸಾದನಿಲಯದಲ್ಲಿ ಉಂಡು, ಓದಿ ಬೆಳೆದವನು. ಅಷ್ಟು ವರ್ಷಗಳಲ್ಲಿ ಒಂದು ದಿನವೂ ಯಾರೂ ನನ್ನನ್ನು ‘ನೀನು ದುಡಿದಿದ್ದೀಯೇನು?’ ಎಂದು ಕೇಳಿರಲಿಲ್ಲ. ಪಂಕ್ತಿಯಲ್ಲಿ ಕುಳಿತವನಿಗೆ ಬಡಿಸಲಾಗುತ್ತಿತ್ತು, ಅಷ್ಟೆ. ಆ ಮುದ್ದೆ-ಸಾರಿನ ಬಲದಿಂದಲೇ ವೇದಿಕೆ ಏರುವ ಯೋಗ್ಯತೆ ಪಡೆದವನು, ಅದೇ ವೇದಿಕೆಯಿಂದ ಒಬ್ಬ ಬಸಿರಿಯ ಬಾಯಿಯ ತುತ್ತನ್ನು ಕಸಿದಿದ್ದೆ. ಈ ಲೇಖನ ಆ ತಪ್ಪಿನ ಪ್ರಾಯಶ್ಚಿತ್ತವೆಂದು ಓದುಗ ಬಂಧುಗಳು ಭಾವಿಸಬಹುದು.

ಭಿಕ್ಷೆಯಲ್ಲ, ಹಕ್ಕು

ಸರ್ಕಾರದ ಆಹಾರ ಯೋಜನೆಗಳನ್ನು ಆಳುವವರ ಔದಾರ್ಯವೆಂದು ತಿಳಿಯುವುದು ನಮ್ಮಲ್ಲಿ ರೂಢಿಯಾಗಿದೆ. ಕಾನೂನಿನ ದೃಷ್ಟಿಯಲ್ಲಿ ಅದು ಹಾಗಿಲ್ಲ. ಜನತೆಯ ಪೌಷ್ಟಿಕತೆಯ ಮಟ್ಟವನ್ನೂ ಆರೋಗ್ಯವನ್ನೂ ಉತ್ತಮಪಡಿಸುವುದು ರಾಜ್ಯದ ಪ್ರಥಮ ಕರ್ತವ್ಯಗಳಲ್ಲಿ ಒಂದೆಂದು ನಮ್ಮ ಸಂವಿಧಾನದ 47ನೆಯ ಅನುಚ್ಛೇದವು ವಿಧಿಸಿದೆ. 2001ರಲ್ಲಿ, ದೇಶದ ಉಗ್ರಾಣಗಳಲ್ಲಿ ಧಾನ್ಯ ಕೊಳೆಯುತ್ತಿದ್ದಾಗ ಬರಪೀಡಿತ ಪ್ರದೇಶಗಳ ಜನ ಹಸಿದಿದ್ದಾರೆಂಬ ಅರ್ಜಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಆ ವರ್ಷ ನವೆಂಬರ್ 28ರ ಆದೇಶದಲ್ಲಿ ನ್ಯಾಯಾಲಯವು ಪಡಿತರ, ಅಂಗನವಾಡಿ, ಶಾಲಾ ಊಟ ಮುಂತಾದ ಯೋಜನೆಗಳನ್ನು ಫಲಾನುಭವಿಗಳ ಕಾನೂನುಬದ್ಧ ಹಕ್ಕುಗಳೆಂದು ಪರಿಗಣಿಸಿ, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡಬೇಕೆಂದು ನಿರ್ದೇಶಿಸಿತು. ಮುಂದೆ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಆ ಹಕ್ಕನ್ನು ಶಾಸನದಲ್ಲಿಯೇ ನೆಲೆಗೊಳಿಸಿತು.

ಆ ಕಾಯಿದೆಯಂತೆ ಆದ್ಯತಾ ಕುಟುಂಬದ ಪ್ರತಿ ಸದಸ್ಯನಿಗೆ ತಿಂಗಳಿಗೆ 5 ಕಿಲೋಗ್ರಾಂ ಧಾನ್ಯ, ಅಂತ್ಯೋದಯ ಕುಟುಂಬಕ್ಕೆ ಒಟ್ಟು 35 ಕಿಲೋಗ್ರಾಂ ಧಾನ್ಯ ದೊರೆಯಬೇಕು. ಗರ್ಭಿಣಿಯರಿಗೂ ಬಾಣಂತಿಯರಿಗೂ ಹೆರಿಗೆಯ ನಂತರದ ಆರು ತಿಂಗಳವರೆಗೆ ಸ್ಥಳೀಯ ಅಂಗನವಾಡಿಯ ಮೂಲಕ ಉಚಿತ ಆಹಾರ ಸಲ್ಲಬೇಕು. ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿಯಲ್ಲಿ, ಆರರಿಂದ ಹದಿನಾಲ್ಕರ ಮಕ್ಕಳಿಗೆ ಶಾಲೆಯಲ್ಲಿ ಆಹಾರವಿರಬೇಕು. ಕೊಡಬೇಕಾದುದನ್ನು ಕೊಡದಿದ್ದರೆ ಆಹಾರ ಭದ್ರತಾ ಭತ್ಯೆಯನ್ನು ಕೇಳುವ ಅಧಿಕಾರವೂ ಆ ಕಾಯಿದೆಯಲ್ಲಿದೆ. ಕೊಡದಿದ್ದಾಗ ಪ್ರಶ್ನಿಸಿ ಪಡೆಯಬಹುದಾದದ್ದನ್ನು ಭಿಕ್ಷೆಯೆಂದು ಹೇಗೆ ಕರೆಯುವುದು?

ಕನ್ನಡ ನಾಡಿನಲ್ಲಿ ನಡೆದ ದಾರಿ

ಈ ವಿಷಯದಲ್ಲಿ ನಮ್ಮ ನಾಡು ಹಿಂದೆ ಬಿದ್ದುದಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಪ್ರಾಯೋಗಿಕವಾಗಿ ಆರಂಭವಾದಾಗ, ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಅವುಗಳಲ್ಲೊಂದಾಗಿತ್ತು. ಇಂದು ಅಂಗನವಾಡಿಯಿಲ್ಲದ ಊರು ಅಪರೂಪ. ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳುಹಿಸುವ ವ್ಯವಸ್ಥೆ, ಶಾಲಾಪೂರ್ವ ಶಿಕ್ಷಣ, ತಾಯಂದಿರಿಗೆ ಆಹಾರ ಮತ್ತು ಆರೋಗ್ಯದ ತಿಳಿವಳಿಕೆ ಎಂಬ ಆರು ಸೇವೆಗಳು ಅಲ್ಲಿ ಒಂದೇ ಸೂರಿನಡಿ ಸಿಗುತ್ತವೆ. ಅದನ್ನು ‘ಮಕ್ಕಳನ್ನು ಕೂಡಿಹಾಕುವ ಜಾಗ’ವೆಂದು ತಿಳಿದವರು ಅದರ ಅರ್ಧ ಪ್ರಯೋಜನವನ್ನೂ ಪಡೆದವರಲ್ಲ.

ಶಾಲೆಯ ಬಿಸಿಯೂಟ 2002ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಮೊದಲಾಗಿ ಅನಂತರ ನಾಡಿನಾದ್ಯಂತ ಹಬ್ಬಿತು. ಅದಕ್ಕೆ ಇಟ್ಟ ಹೆಸರು ‘ಅಕ್ಷರ ದಾಸೋಹ’. ಈ ಹೆಸರು ಎಲ್ಲಿಂದ ಬಂದಿತೆಂದು ನಮ್ಮ ಓದುಗರಿಗೆ ವಿವರಿಸಬೇಕಾದುದಿಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳಂತಹ ಪೂಜ್ಯರು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಒಟ್ಟಿಗೆ ನೀಡಿದ ಪರಂಪರೆಯಿಂದಲೇ ಸರ್ಕಾರ ಆ ಮಾತನ್ನು ಎರವಲು ಪಡೆಯಿತು. ನಾವು ಕೊಟ್ಟ ಹೆಸರನ್ನು ಹೊತ್ತ ತಟ್ಟೆಯ ಮುಂದೆ ನಮ್ಮವರೇ ನಾಚಿ ಕುಳಿತುಕೊಳ್ಳದಿರುವುದು ವಿಪರ್ಯಾಸವೆನ್ನದೆ ವಿಧಿಯಿಲ್ಲ.

2013ರಲ್ಲಿ ಅನ್ನಭಾಗ್ಯ ಯೋಜನೆಯೂ, ಅದೇ ವರ್ಷದ ಆಗಸ್ಟ್‌ನಲ್ಲಿ ಮಕ್ಕಳಿಗೆ 150 ಮಿಲಿಲೀಟರ್ ಹಾಲು ಕೊಡುವ ಕ್ಷೀರಭಾಗ್ಯವೂ ಆರಂಭವಾದವು. 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆ ರಾಜ್ಯಾದ್ಯಂತ ಜಾರಿಗೆ ಬಂದು, ಗರ್ಭಿಣಿ-ಬಾಣಂತಿಯರಿಗೆ ದಿನಕ್ಕೊಮ್ಮೆ ಅಂಗನವಾಡಿಯಲ್ಲಿ ಅನ್ನ, ಸಾರು, ತರಕಾರಿ, ಹಾಲು, ಶೇಂಗಾ ಚಿಕ್ಕಿಗಳ ಬಿಸಿಯೂಟವನ್ನು ಒದಗಿಸಿತು. ಧಾನ್ಯವನ್ನು ಮನೆಗೆ ಕೊಡದೆ ಕೇಂದ್ರದಲ್ಲಿಯೇ ಊಟ ಹಾಕುವುದೇಕೆಂದು ಕೆಲವರು ಕೇಳುವುದುಂಟು. ಕಾರಣ ನಮ್ಮ ಅಡುಗೆಮನೆಯಲ್ಲಿಯೇ ಇದೆ. ಮನೆಗೆ ಬಂದ ಧಾನ್ಯ ಎಲ್ಲರ ಪಾಲಾಗುತ್ತದೆ. ಎಲ್ಲರೂ ಉಂಡ ಮೇಲೆ ಉಳಿದದ್ದು ಸೊಸೆಯ ಪಾಲಾಗುತ್ತದೆ.

ಸಾವಿರ ದಿನಗಳ ಲೆಕ್ಕ

ಇಷ್ಟೆಲ್ಲ ಯೋಜನೆಗಳಿದ್ದರೂ ನಮ್ಮ ಮಕ್ಕಳ ಸ್ಥಿತಿ ಹೇಗಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಪ್ರತಿ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಸುಮಾರು 33 ಮಕ್ಕಳ ತೂಕ ವಯಸ್ಸಿಗೆ ಕಡಿಮೆಯಿತ್ತು. ಆರು ತಿಂಗಳಿಂದ ಐದು ವರ್ಷದೊಳಗಿನ ನೂರರಲ್ಲಿ 65 ಮಕ್ಕಳಿಗೆ ರಕ್ತಹೀನತೆಯಿತ್ತು. 2015-16ರ ಸಮೀಕ್ಷೆಯಲ್ಲಿ ಈ ಕೊನೆಯ ಸಂಖ್ಯೆ ಸುಮಾರು 61 ಇದ್ದಿತು. ಎಂದರೆ ಇದು ಇಳಿಯುವ ಬದಲು ಏರಿತ್ತು. ಗರ್ಭಿಣಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ರಕ್ತಹೀನರಾಗಿದ್ದರು.

ಗರ್ಭ ನಿಂತ ದಿನದಿಂದ ಮಗುವಿಗೆ ಎರಡು ವರ್ಷ ತುಂಬುವವರೆಗಿನ ಅವಧಿಯನ್ನು ವೈದ್ಯರು ‘ಸಾವಿರ ದಿನಗಳು’ ಎನ್ನುತ್ತಾರೆ. ಗರ್ಭದೊಳಗಿನ 270 ದಿನ, ಹೊರಗಿನ 730 ದಿನ. ಮಗುವಿನ ಮಿದುಳಿನ ಬೆಳವಣಿಗೆಯ ಬಹುಭಾಗ ಈ ಅವಧಿಯಲ್ಲಿಯೇ ನಡೆಯುತ್ತದೆ. ಆಗ ಆದ ಕೊರತೆಯನ್ನು ಮುಂದೆ ಎಷ್ಟು ಉಣಿಸಿದರೂ ಪೂರ್ಣವಾಗಿ ತುಂಬಲಾಗದು. ಆದುದರಿಂದ ಗರ್ಭಿಣಿಯ ಊಟವೆಂಬುದು ಹುಟ್ಟಲಿರುವ ಮಗುವಿನ ವಿದ್ಯೆಗೆ ನಾವು ಕಟ್ಟುವ ಮೊದಲ ಶುಲ್ಕ.

ಇಲ್ಲಿ ಒಂದು ಮೂಢನಂಬಿಕೆಯನ್ನು ಹೆಸರಿಸಲೇಬೇಕು. ‘ಬಸಿರಿ ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ’ ಎಂದು ಹಿರಿಯ ತಾಯಂದಿರು ಇಂದಿಗೂ ಹೇಳುವುದುಂಟು. ಎರಡೂವರೆ ಕಿಲೋಗ್ರಾಂಗಿಂತ ಕಡಿಮೆ ತೂಕದ ಕೂಸಿಗೆ ಸೋಂಕು ಬೇಗ ತಗಲುತ್ತದೆ, ಸಾವಿನ ಅಪಾಯವೂ ಹೆಚ್ಚು. ರಕ್ತಹೀನಳಾದ ತಾಯಿಗೆ ಹೆರಿಗೆಯ ಕಾಲದ ಸಾಧಾರಣ ರಕ್ತಸ್ರಾವವೂ ಪ್ರಾಣಕ್ಕೆ ಎರವಾಗಬಲ್ಲುದು. ಅತ್ತೆಯರು ಪ್ರೀತಿಯಿಂದಲೇ ಆ ಮಾತನ್ನು ಆಡುತ್ತಾರೆ. ಆದರೆ ಆ ಪ್ರೀತಿ ಸೊಸೆಯ ಜೀವಕ್ಕೆ ಮುಳುವಾಗಬಾರದು.

ತಟ್ಟೆಯ ಮುಂದಿನ ವಿವಾದ

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲು ಆರಂಭಿಸಿದಾಗ ನಮ್ಮ ಸಮಾಜದಿಂದಲೂ ವಿರೋಧದ ಧ್ವನಿ ಕೇಳಿಬಂದುದು ಎಲ್ಲರಿಗೂ ತಿಳಿದದ್ದೇ. ನಾನು ಸಸ್ಯಾಹಾರಿ, ನನ್ನ ಮನೆಯಲ್ಲಿ ಮೊಟ್ಟೆ ಬರುವುದಿಲ್ಲ. ಆದರೂ ಎರಡು ಮಾತುಗಳನ್ನು ವಿನಯದಿಂದ ಹೇಳಬೇಕಾಗಿದೆ. ಮೊದಲನೆಯದು: ಒಲ್ಲದ ಮಗುವಿಗೆ ಬಾಳೆಹಣ್ಣು ಕೊಡುವ ಏರ್ಪಾಡು ಮೊದಲಿನಿಂದಲೂ ಇದೆ. ನಮ್ಮ ಮಗುವಿನ ವ್ರತಕ್ಕೆ ಭಂಗವಿಲ್ಲದಿರುವಾಗ, ಪಕ್ಕದಲ್ಲಿ ಕುಳಿತ ಬಡ ಮಗುವಿನ ತಟ್ಟೆಯಿಂದ ಅದನ್ನು ತೆಗೆಸುವ ಹಕ್ಕು ನಮಗೆಲ್ಲಿಂದ ಬಂದಿತು? ಎರಡನೆಯದು: ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಸಾರಜನಕವಿದೆ, ಬಾಳೆಹಣ್ಣಿನಲ್ಲಿ ಅದು ಒಂದು ಗ್ರಾಂನಷ್ಟು ಮಾತ್ರ. ಆದುದರಿಂದ ಮೊಟ್ಟೆಯನ್ನು ಬಿಡುವ ಮನೆಗಳು ಆ ಕೊರತೆಯನ್ನು ಮನೆಯಲ್ಲಿಯೇ ತುಂಬಬೇಕು. ಮೊಳಕೆ ಹೆಸರುಕಾಳು, ಶೇಂಗಾ ಹಿಂಡಿ, ತೊಗರಿ ಬೇಳೆ, ಹಾಲು-ಮೊಸರು ನಮಗೆ ಹೊಸವೇನಲ್ಲ. ನೂರು ಗ್ರಾಂ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂನ ಆಸುಪಾಸು ಸುಣ್ಣದ ಅಂಶವಿದ್ದರೆ, ಅಷ್ಟೇ ರಾಗಿಯಲ್ಲಿ ಮುನ್ನೂರಕ್ಕೂ ಮಿಗಿಲಾಗಿದೆ. ಅಜ್ಜಿಯ ಕಾಲದ ರಾಗಿ ಅಂಬಲಿ, ಜೋಳದ ರೊಟ್ಟಿಗಳನ್ನು ಬಡತನದ ಗುರುತೆಂದು ತಳ್ಳಿ ಬಿಳಿಯ ಅನ್ನವೊಂದನ್ನೇ ಉಂಡದ್ದರಿಂದ ನಮಗೆ ನಷ್ಟವೇ ಆಯಿತು.

ಮನೆಗಳೂ ಮಠಗಳೂ ಮಾಡಬಹುದಾದದ್ದು

ಮನೆಯಲ್ಲಿ ಗರ್ಭ ನಿಂತುದು ತಿಳಿದೊಡನೆ ಅಂಗನವಾಡಿಯಲ್ಲಿ ಹೆಸರು ಬರೆಸಿ, ಆರೋಗ್ಯ ಕೇಂದ್ರದಿಂದ ತಾಯಿ ಕಾರ್ಡನ್ನು ಪಡೆಯಬೇಕು. ನಾಲ್ಕನೆಯ ತಿಂಗಳಿನಿಂದ ಕೊಡುವ ಕಬ್ಬಿಣಾಂಶದ ಮಾತ್ರೆಗಳನ್ನು ಕನಿಷ್ಠ 180 ದಿನ ತಪ್ಪದೆ ನುಂಗಬೇಕು. ಮಾತ್ರೆಯ ಹಿಂದೆಯೇ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತದು. ಊಟದಲ್ಲಿ ನಿಂಬೆರಸ, ನೆಲ್ಲಿಕಾಯಿ ಇದ್ದರೆ ಚೆನ್ನಾಗಿ ಹತ್ತುತ್ತದೆ. ಮೊದಲ ಹೆರಿಗೆಗೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಡಿ 5,000 ರೂಪಾಯಿ, ಎರಡನೆಯ ಮಗು ಹೆಣ್ಣಾದರೆ 6,000 ರೂಪಾಯಿ ತಾಯಿಯ ಖಾತೆಗೆ ಬರುತ್ತದೆ. ಅದು ಆಕೆಯ ಆರೈಕೆಗೇ ವ್ಯಯವಾಗಬೇಕು. ಮಗುವಿಗೆ ಆರು ತಿಂಗಳವರೆಗೆ ಎದೆಹಾಲಲ್ಲದೆ ಬೇರೇನೂ ಬೇಡ. ಆರು ತುಂಬಿದ ಮೇಲೆ ಮೆತ್ತಗಿನ ಆಹಾರವನ್ನು ತಡಮಾಡದೆ ಆರಂಭಿಸಬೇಕು.

ರೋಗ ಬಂದಾಗ ಹೊಲ ಅಡವಿಡುವುದಕ್ಕೆ ಮುನ್ನ, 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯನ್ನು ನೆನೆಯಬೇಕು. ಅರ್ಹ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಸೌಲಭ್ಯ ಅದರಲ್ಲಿದೆ. ತುರ್ತು ಪ್ರಸಂಗಗಳನ್ನುಳಿದು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಶಿಫಾರಸು ಪಡೆಯುವುದು ಕ್ರಮ. ಇದನ್ನು ತಿಳಿಯದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಧಾವಿಸಿ ಸಾಲಗಾರರಾದ ಕುಟುಂಬಗಳನ್ನು ನಾನು ಬಲ್ಲೆ.

ಇನ್ನು ನಮ್ಮ ಮಠಗಳೂ ಸಂಘಗಳೂ ಯಾವ ವೆಚ್ಚವೂ ಇಲ್ಲದೆ ಮಾಡಬಹುದಾದ ಸೇವೆಯೊಂದಿದೆ. ಅಮಾವಾಸ್ಯೆಯ ದಾಸೋಹಕ್ಕೆ ಕೂಡಿದ ಜನಕ್ಕೆ ಅರ್ಧ ಗಂಟೆ ಈ ವಿಷಯ ತಿಳಿಸುವುದು. ಅರ್ಜಿ ಬರೆಯಲು ಬಾರದವರಿಗೆ ಬರೆದುಕೊಡಲು ಓದಿದ ತರುಣರಿಬ್ಬರನ್ನು ಕೂರಿಸುವುದು. ಪಡಿತರ ಚೀಟಿಯಿಂದ ಹೆಸರು ಬಿಟ್ಟುಹೋದ ಮುದುಕಿಯ ಜೊತೆ ತಾಲೂಕು ಕಚೇರಿಯವರೆಗೆ ಹೋಗಿಬರುವುದು. ಉಳ್ಳವರು ಸುಳ್ಳು ಹೇಳಿ ಬಡವರ ಚೀಟಿಯನ್ನು ಇಟ್ಟುಕೊಂಡಿದ್ದರೆ ಅದನ್ನು ಮರಳಿಸುವಂತೆ ಬುದ್ಧಿ ಹೇಳುವುದೂ ಈ ಸೇವೆಯ ಭಾಗವೇ. ಅನರ್ಹನು ಪಡೆಯುವುದು ಎಷ್ಟು ದೋಷವೋ, ಅರ್ಹನನ್ನು ನಾಚಿಸಿ ತಡೆಯುವುದೂ ಅಷ್ಟೇ ದೋಷ.

ಆ ಪ್ರವಚನದ ಮಂಗಲದ ದಿನ ಅದೇ ವೇದಿಕೆಯಿಂದ ನನ್ನ ಮಾತನ್ನು ಹಿಂದೆಗೆದುಕೊಂಡೆ. ‘ದುಡಿಯಬಲ್ಲವನಿಗೆ ಕಾಯಕ ಹೇಳಿದ್ದು ಸರಿ. ಮಗುವನ್ನು ಹೊತ್ತವಳು ಆಗಲೇ ಇಬ್ಬರ ಕೆಲಸ ಮಾಡುತ್ತಿದ್ದಾಳೆ. ಅವಳ ಊಟದ ಬಗ್ಗೆ ನಾನು ಆಡಿದ್ದು ತಪ್ಪು’ ಎಂದೆ. ಅಂದು ಚಪ್ಪಾಳೆಯಾಗಲಿಲ್ಲ. ಮರುದಿನ ಬೆಳಗ್ಗೆ ಅಂಗನವಾಡಿ ಕಾರ್ಯಕರ್ತೆಯೊಡನೆ ಆ ಮನೆಗೆ ಹೋದೆ. ಅತ್ತೆ ಬಾಗಿಲಲ್ಲಿ ನೀರು ಕೊಟ್ಟು ಒಳಕರೆದರು. ‘ನಾನು ಹದಿನಾಲ್ಕು ವರ್ಷ ಪರರ ಅನ್ನ ಉಂಡವನು ತಾಯಿ, ನಿಮ್ಮ ಸೊಸೆ ನಾಲ್ಕು ತಿಂಗಳು ಉಂಡರೆ ಮನೆತನದ ಮರ್ಯಾದೆ ಹೋಗುವುದಿಲ್ಲ’ ಎಂದೆ. ಬಹಳ ಹೊತ್ತು ಸುಮ್ಮನಿದ್ದ ಆಕೆ, ‘ನಾಳೆ ನಾನೇ ಕರೆದುಕೊಂಡು ಹೋಗುತ್ತೇನೆ’ ಎಂದರು. ಮಾತಿನಂತೆ ನಡೆದುಕೊಂಡರು.

ಮಾರ್ಗಶಿರದಲ್ಲಿ ಹೆರಿಗೆಯಾಯಿತು. ಕೂಸು ಹೆಣ್ಣು, ತೂಕ ಎರಡು ಕಿಲೋ ಏಳುನೂರು ಗ್ರಾಂ. ತಾಯಿ ಕ್ಷೇಮವಾಗಿದ್ದಾಳೆ. ನಿಮ್ಮ ಓಣಿಯಲ್ಲಿಯೂ ನಾಚಿಕೆಯಿಂದ ಮನೆಯೊಳಗೆ ಉಳಿದ ಇಂತಹ ಒಬ್ಬಳಿರಬಹುದು. ಈ ಸಂಚಿಕೆಯನ್ನು ಮಡಿಸಿಟ್ಟ ಮೇಲೆ ಆ ಮನೆಯ ಬಾಗಿಲಿಗೆ ಒಮ್ಮೆ ಹೋಗಿಬನ್ನಿ.