ಬಯಾಪ್ಸಿ ಇಲ್ಲದೆ ಯಕೃತ್ತಿನ ಗಾಯದ ಅಳತೆ

ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಯಕೃತ್ತಿನ ಮೇಲೆ ಎರಗುವ ಕಾಯಿಲೆಗೆ ಆಟೋಇಮ್ಯೂನ್ ಹೆಪಟೈಟಿಸ್ ಎಂದು ಹೆಸರು. ಮಹಿಳೆಯರಲ್ಲೇ ಹೆಚ್ಚಾಗಿ ಕಾಣುವ ಈ ಉರಿಯೂತ ವರ್ಷಗಟ್ಟಲೆ ಉಳಿದರೆ ಯಕೃತ್ತಿನಲ್ಲಿ ನಾರಿನಂಥ ಗಟ್ಟಿ ಅಂಗಾಂಶ, ಅಂದರೆ ಫೈಬ್ರೋಸಿಸ್, ಬೆಳೆಯುತ್ತದೆ; ಅದನ್ನು ಎಫ್0ಯಿಂದ ಎಫ್4ರವರೆಗೆ ಅಳೆಯುವ ವೈದ್ಯರು ಕೊನೆಯ ಹಂತವನ್ನು ಸಿರೋಸಿಸ್ ಎನ್ನುತ್ತಾರೆ.

ಈ ಹಂತ ತಿಳಿಯಲು ಬಹುಕಾಲ ಇದ್ದ ದಾರಿಯೆಂದರೆ ಪಕ್ಕೆಲುಬುಗಳ ನಡುವೆ ಸೂಜಿ ಹಾಯಿಸಿ ಯಕೃತ್ತಿನ ಚೂರು ತೆಗೆಯುವ ಬಯಾಪ್ಸಿ. ಆ ಚೂರು ಇಡೀ ಅಂಗದ ಸುಮಾರು 50,000ದಲ್ಲಿ ಒಂದು ಪಾಲು ಮಾತ್ರ. ರಕ್ತಸ್ರಾವದ ಸಣ್ಣ ಅಪಾಯವೂ ಇರುವುದರಿಂದ ಅದನ್ನು ಪದೇಪದೇ ಮಾಡಲಾಗದು.

ಫ್ರಾನ್ಸಿನಲ್ಲಿ ರೂಪುಗೊಂಡ ಫೈಬ್ರೋಸ್ಕ್ಯಾನ್ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿತು. ಮೂರು ಗಂಟೆ ಏನೂ ತಿನ್ನದೆ ಬಂದ ರೋಗಿ ಬಲಗೈಯನ್ನು ತಲೆಯ ಹಿಂದಿಟ್ಟು ಅಂಗಾತ ಮಲಗಿದಾಗ, ಬಲಪಕ್ಕೆಗೆ ಒತ್ತಿ ಹಿಡಿದ ಉಪಕರಣ ಮೆಲ್ಲಗೆ ತಟ್ಟಿ ಅಲೆಯೊಂದನ್ನು ಒಳಗೆ ಕಳಿಸುತ್ತದೆ. ಯಕೃತ್ತು ಗಟ್ಟಿಯಾದಷ್ಟೂ ಅಲೆಯ ವೇಗ ಹೆಚ್ಚು. ಹತ್ತು ಅಳತೆಗಳ ಮಧ್ಯಾಂಕವನ್ನು ಕಿಲೋಪಾಸ್ಕಲ್‌ನಲ್ಲಿ ಹೇಳುತ್ತಾರೆ, ಆರೋಗ್ಯವಂತರಲ್ಲಿ ಅದು 5ರ ಆಸುಪಾಸು.

ಇನ್ನೊಂದು ದಾರಿ ಫಿಬ್-4 ಎಂಬ ಲೆಕ್ಕ. ವಯಸ್ಸನ್ನು ರಕ್ತದಲ್ಲಿನ ಯಕೃತ್ತಿನ ಕಿಣ್ವವಾದ ಎಎಸ್‌ಟಿಯಿಂದ ಗುಣಿಸಿ, ಸಾವಿರಗಳಲ್ಲಿ ಎಣಿಸಿದ ಪ್ಲೇಟ್‌ಲೆಟ್ ಮತ್ತು ಇನ್ನೊಂದು ಕಿಣ್ವವಾದ ಎಎಲ್‌ಟಿಯ ವರ್ಗಮೂಲ, ಇವೆರಡರ ಗುಣಲಬ್ಧದಿಂದ ಭಾಗಿಸಬೇಕು: ವಯಸ್ಸು 50, ಎಎಸ್‌ಟಿ 80, ಎಎಲ್‌ಟಿ 64, ಪ್ಲೇಟ್‌ಲೆಟ್ 2 ಲಕ್ಷ ಇದ್ದರೆ ಉತ್ತರ 2.5.

ಆದರೆ ಗಾಯದಂತೆ ಉರಿಯೂತವೂ ಯಕೃತ್ತನ್ನು ಬಿಗಿಗೊಳಿಸುತ್ತದೆ, ಎಎಸ್‌ಟಿ, ಎಎಲ್‌ಟಿಗಳನ್ನೂ ಏರಿಸುತ್ತದೆ. ಆದ್ದರಿಂದ ಚಿಕಿತ್ಸೆಗೆ ಮುಂಚಿನ ಅಂಕಿ ಇಲ್ಲದ ಸಿರೋಸಿಸನ್ನು ತೋರಿಸಬಹುದು. ಪ್ರೆಡ್ನಿಸೊಲೋನ್, ಅಜಥಯೋಪ್ರಿನ್‌ಗಳಂಥ ಔಷಧಿಗಳಿಂದ ಉರಿಯೂತ ತಗ್ಗಿ ಸುಮಾರು ಆರು ತಿಂಗಳಾದ ಮೇಲಿನ ಅಳತೆಯೇ ಹೆಚ್ಚು ನಂಬಲರ್ಹ. ಯಕೃತ್ತಿನೊಳಗಿನ ಸಣ್ಣ ಪಿತ್ತನಾಳಗಳನ್ನು ಹಾಳುಗೆಡಹುವ ಪಿಬಿಸಿ ಎಂಬ ಸೋದರ ಕಾಯಿಲೆಯಲ್ಲಿ 9.6 ಕಿಲೋಪಾಸ್ಕಲ್ ಮೀರಿದ ಅಳತೆ ಮುಂದಿನ ತೊಡಕುಗಳ ಮುನ್ಸೂಚನೆ. ಆಟೋಇಮ್ಯೂನ್ ಹೆಪಟೈಟಿಸ್ ಇದೆಯೇ ಎಂದು ಮೊದಲ ಬಾರಿ ಖಚಿತಪಡಿಸಿಕೊಳ್ಳಲು ಮಾತ್ರ ಬಯಾಪ್ಸಿ ಇಂದಿಗೂ ಬೇಕು.

ಆಳಂದ ತಾಲ್ಲೂಕಿನ ಜಿಡಗಾದಂಥ ಊರುಗಳಿಂದ ಕಲಬುರಗಿಗೋ ಬೆಂಗಳೂರಿಗೋ ಹೋಗುವ ರೋಗಿಗಳು ಔಷಧಿ ಆರಂಭಿಸಿದ ದಿನಾಂಕವನ್ನೂ ಹಳೆಯ ರಿಪೋರ್ಟುಗಳನ್ನೂ ತಪ್ಪದೆ ಜೊತೆಗೊಯ್ಯಬೇಕು. ಅಂಕಿ ಇಳಿಯಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು ಎಂಬುದನ್ನು ಮರೆಯಬಾರದು.