ಬೇಸಿಗೆಗೂ ಉಳಿದ ಹಿಮ

ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಕಟ್ಟಿಕೊಂಡು ಇಳಿಜಾರಿನಲ್ಲಿ ಜಾರುವ ಸ್ಕೀಯಿಂಗ್ ಬಹುತೇಕ ಕಡೆಗಳಲ್ಲಿ ಚಳಿಗಾಲದ ಕೆಲವೇ ತಿಂಗಳುಗಳ ಕ್ರೀಡೆಯಾಗಿದ್ದು, ವರ್ಷದ ಹನ್ನೆರಡು ತಿಂಗಳಿಗೂ ಅದನ್ನು ವಿಸ್ತರಿಸಿಕೊಂಡ ತಾಣಗಳು ಬೆರಳೆಣಿಕೆಯಷ್ಟಿವೆ. ಆಸ್ಟ್ರಿಯಾದ ಹಿಂಟರ್‌ಟುಕ್ಸ್, ಸ್ವಿಟ್ಜರ್ಲೆಂಡಿನ ಜೆರ್ಮಟ್‌ನಂಥ ಆಲ್ಪ್ಸ್ ತಾಣಗಳಿಗೆ ಎತ್ತರದ ಹಿಮನದಿಗಳ ಬೆಂಬಲವಿದ್ದರೆ, ಅಮೆರಿಕದ ಆರಿಗನ್ ರಾಜ್ಯದ ಟಿಂಬರ್‌ಲೈನ್ ಈ ಸಾಲಿಗೆ ಸೇರಿದ್ದು ಹೆಚ್ಚಾಗಿ ಮನುಷ್ಯರ ಹಟದಿಂದ.

ಟಿಂಬರ್‌ಲೈನ್ ಇರುವುದು 3,429 ಮೀಟರ್ ಎತ್ತರದ ಮೌಂಟ್ ಹುಡ್ ಎಂಬ ಜ್ವಾಲಾಮುಖಿಯ ದಕ್ಷಿಣ ಮಗ್ಗುಲಲ್ಲಿ. 1845ರ ಅಕ್ಟೋಬರಿನಲ್ಲಿ, ಬಂಡಿಗಳಲ್ಲಿ ಪಶ್ಚಿಮಕ್ಕೆ ವಲಸೆ ಬಂದವರಿಗೆ ದಾರಿ ಹುಡುಕುತ್ತಿದ್ದ ಜೋಯೆಲ್ ಪಾಮರ್ ಎಂಬಾತ, ಚರ್ಮದ ಪಾದರಕ್ಷೆಗಳು ಸವೆದುಹೋಗಿದ್ದರೂ ಈ ಮಗ್ಗುಲಿನ ಹಿಮವನ್ನು ಏರಿದನೆಂಬುದು ಅಲ್ಲಿ ಇಂದಿಗೂ ಹೇಳಲಾಗುವ ಸಂಗತಿ. ಬೇಸಿಗೆಯ ಸ್ಕೀಯಿಂಗ್ ನಡೆಯುವ ಹಿಮರಾಶಿಗೆ ಆತನ ಹೆಸರೇ ನಿಂತಿದೆ.

ಆರ್ಥಿಕ ಮಹಾಕುಸಿತದ ಕಾಲದಲ್ಲಿ ನಿರುದ್ಯೋಗಿಗಳಿಗೆ ಕೆಲಸ ಕೊಡಲು ಸರ್ಕಾರವೇ ಕೈಗೊಂಡ ಯೋಜನೆಯಡಿ ಕಟ್ಟಿದ ಟಿಂಬರ್‌ಲೈನ್ ಲಾಡ್ಜನ್ನು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1937ರ ಸೆಪ್ಟೆಂಬರಿನಲ್ಲಿ ಉದ್ಘಾಟಿಸಿದರು. ಹಳೆಯ ವಿದ್ಯುತ್ ಕಂಬಗಳು ಅಲ್ಲಿ ಮೆಟ್ಟಿಲುಗಳ ಕೆತ್ತನೆಯ ಸ್ತಂಭಗಳಾದವು, ರೈಲು ಹಳಿಗಳು ಅಗ್ಗಿಷ್ಟಿಕೆಯಲ್ಲಿ ಸೌದೆಯ ಆಧಾರಗಳಾದವು. ಇಷ್ಟು ಅಕ್ಕರೆಯಿಂದ ಕಟ್ಟಿದ ಮನೆಯನ್ನು ನಂತರದ ನಿರ್ವಾಹಕರು ಶಿಥಿಲವಾಗಲು ಬಿಟ್ಟದ್ದು ಕ್ಷಮಿಸುವಂಥದ್ದಲ್ಲ. ವಿದ್ಯುತ್ ಬಿಲ್ ಬಾಕಿ ಉಳಿದು 1955ರ ಫೆಬ್ರುವರಿಯಲ್ಲಿ, ಅಂದರೆ ಹಿಮ ತುಂಬಿದ್ದ ಕಾಲದಲ್ಲೇ, ಲಾಡ್ಜಿನ ಬಾಗಿಲು ಮುಚ್ಚಿತು.

ಅದೇ ವರ್ಷ ಅದನ್ನು ವಹಿಸಿಕೊಂಡ ರಿಚರ್ಡ್ ಕೋನ್‌ಸ್ಟಾಮ್ ಹೋಟೆಲ್ ಉದ್ಯಮದವರಲ್ಲ, ನ್ಯೂಯಾರ್ಕ್ ಮೂಲದ ಸಮಾಜ ಕಾರ್ಯಕರ್ತ. ಆರಂಭದ ವರ್ಷಗಳ ನಷ್ಟವನ್ನು ಸಹಿಸಿಕೊಂಡು, ಮನೆತನದ ಹಣವನ್ನೂ ತೊಡಗಿಸಿದ ಅವರು, ಚಳಿಗಾಲದ ಗಳಿಕೆಯೊಂದರಿಂದಲೇ ಲಾಡ್ಜ್ ಬದುಕಲಾರದೆಂದು ಅರಿತು ಬೇಸಿಗೆಯ ತರಬೇತಿ ಶಿಬಿರಗಳತ್ತ ಒಲವು ತೋರಿದರು. ಪೆಸಿಫಿಕ್ ಸಾಗರದ ಬಿರುಗಾಳಿಗಳು ವರ್ಷಕ್ಕೆ ಸರಾಸರಿ 13 ಮೀಟರಿಗೂ ಹೆಚ್ಚು ಹಿಮ ಸುರಿಸುತ್ತಿದ್ದರೂ, ಬೇಸಿಗೆಯಲ್ಲಿ ಅದು ಉಳಿಯುವುದು ಮೇಲ್ಭಾಗದಲ್ಲಿ ಮಾತ್ರ. ಅಲ್ಲಿಗೆ ಜನರನ್ನು ಒಯ್ಯುವ ಕುರ್ಚಿಗಳ ತಂತಿಮಾರ್ಗವಾದ ಪಾಮರ್ ಲಿಫ್ಟ್ 1978ರಲ್ಲಿ, ಕೋನ್‌ಸ್ಟಾಮ್ ಬಂದ 23 ವರ್ಷಗಳ ನಂತರ ಆರಂಭವಾಯಿತು. ಚಳಿಗಾಲದ ಗಾಳಿ ಮತ್ತು ಮಂಜುಗಡ್ಡೆಯ ಹೊಡೆತದಿಂದ ಆಗ ಬಹುಪಾಲು ನಿಂತೇ ಇರುವ ಈ ಲಿಫ್ಟ್‌ನ ನಿಜವಾದ ದುಡಿಮೆಯ ಕಾಲ ವಸಂತ ಮತ್ತು ಬೇಸಿಗೆ.

ಬಿಸಿಲಿಗೆ ಮೆತ್ತಗಾದ ಹಿಮದಲ್ಲಿ ವೇಗದ ಅಭ್ಯಾಸ ಸಾಧ್ಯವಿಲ್ಲದ್ದರಿಂದ ಅಲ್ಲಿ ಉಪ್ಪನ್ನು ಎರಚುತ್ತಾರೆ. ಉಪ್ಪು ಬಿದ್ದ ಹಿಮ ಸ್ವಲ್ಪ ಕರಗುತ್ತದೆ; ಕರಗಲು ಬೇಕಾದ ಶಾಖವನ್ನು ಅದು ಸುತ್ತಲಿನ ಹಿಮದಿಂದಲೇ ಸೆಳೆಯುವುದರಿಂದ, ತಣ್ಣಗಾದ ಒದ್ದೆ ಪದರ ಮತ್ತೆ ಹೆಪ್ಪುಗಟ್ಟಿ ಗಟ್ಟಿಯಾಗುತ್ತದೆ. ಕೈಯಿಂದ ತಿರುಗಿಸುವ ಹಳೆಯ ಐಸ್‌ಕ್ರೀಂ ಡಬ್ಬಿಯ ಸುತ್ತ ಮಂಜುಗಡ್ಡೆಗೆ ಉಪ್ಪು ಬೆರೆಸುತ್ತಿದ್ದುದೂ ಇದೇ ತತ್ತ್ವದ ಮೇಲೆ. ಆದರೆ ಆ ಉಪ್ಪು ಪಾಮರ್‌ನ ಬುಡದಲ್ಲೇ ಹುಟ್ಟುವ ಸಾಮನ್ ನದಿಯ ನೀರಿಗೆ ಸೇರುತ್ತದೆಂಬ ಆಕ್ಷೇಪವನ್ನು ಲಘುವಾಗಿ ಕಾಣುವಂತಿಲ್ಲ. ಕ್ರೀಡೆಯ ಬೇಸಿಗೆಗಾಗಿ ನದಿ ತೆರುವ ಬೆಲೆಯೂ ಈ ಚರಿತ್ರೆಯ ಭಾಗವೇ.

ಕೋನ್‌ಸ್ಟಾಮ್ 2006ರಲ್ಲಿ ನಿಧನರಾದರು. ಈ ನಡುವೆ ಭೂಮಿ ಬಿಸಿಯಾದಂತೆ ಬೇಸಿಗೆಯ ಸ್ಕೀಯಿಂಗ್‌ನ ನೆಲೆಗಳೇ ಕುಗ್ಗುತ್ತಿವೆ. ಒಂದು ಕಾಲಕ್ಕೆ ಜಗತ್ತಿನ ಅತ್ಯಂತ ಎತ್ತರದ ಲಿಫ್ಟ್ ಇದ್ದ ಬೊಲಿವಿಯಾದ ಚಕಲ್ತಾಯ ಹಿಮನದಿ 2009ರಲ್ಲಿ ಪೂರ್ತಿ ಮಾಯವಾಯಿತು. ಬೇಸಿಗೆಯ ಸ್ಕೀಯಿಂಗಿಗೆ ಹೆಸರಾದ ಜೆರ್ಮಟ್ ಕೂಡ 2022ರ ಜುಲೈ ಕೊನೆಯಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಮೌಂಟ್ ಹುಡ್‌ನ ಹಿಮನದಿಗಳೂ ದಶಕಗಳಿಂದ ಕಿರಿದಾಗುತ್ತಿದ್ದು, ಪಾಮರ್ ಲಿಫ್ಟ್ ಬೇಸಿಗೆಯಲ್ಲಿ ಎಷ್ಟು ದಿನ ಓಡಬೇಕೆಂಬುದು ಈಗ ಉಳಿದ ಹಿಮವನ್ನು ನೋಡಿಯೇ ನಿರ್ಧಾರವಾಗುತ್ತದೆ.