ಬೆಂಗಳೂರಿನ ಹೊರವಲಯದ ಮತದಾನ: ವರ್ತಕರೂ ಉದ್ಯಮಿಗಳೂ ಗಮನಿಸಬೇಕಾದುದು

ಚುನಾವಣಾ ಫಲಿತಾಂಶ ಪ್ರಕಟವಾದ ಮರುದಿನ ನಮ್ಮ ವರ್ತಕ ಬಂಧುಗಳಲ್ಲಿ ನಡೆಯುವ ಚರ್ಚೆ ಗೆದ್ದವರು ಯಾರು, ಸೋತವರು ಯಾರು ಎಂಬಲ್ಲಿಗೇ ಮುಗಿದುಹೋಗುತ್ತದೆ. ಒಂದೇ ಪ್ರದೇಶದ ಜನ ಲೋಕಸಭೆ, ವಿಧಾನಸಭೆ, ಪಾಲಿಕೆ ಎಂಬ ಮೂರು ಚುನಾವಣೆಗಳಲ್ಲಿ ಹೇಗೆ ನಡೆದುಕೊಂಡರು ಎಂಬುದನ್ನು ಖಾತೆ ಪುಸ್ತಕದಂತೆ ಎದುರಿಗಿಟ್ಟುಕೊಂಡು ನೋಡುವವರು ವಿರಳ. 2007ರ ಜನವರಿಯಲ್ಲಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ನಮ್ಮ ಅನೇಕ ಸದಸ್ಯರ ಕಾರ್ಖಾನೆ, ಗೋದಾಮುಗಳಿರುವುದು ಈ ಸೇರ್ಪಡೆಯಾದ ಪ್ರದೇಶದಲ್ಲೇ.

ಹೊರವಲಯವೆಂದರೆ ಒಂದೇ ಪಕ್ಷದ ಕೋಟೆ ಎಂಬ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. ಯಲಹಂಕ ಮತ್ತು ಬ್ಯಾಟರಾಯನಪುರ ಅಕ್ಕಪಕ್ಕದ ಕ್ಷೇತ್ರಗಳು. 2008, 2013, 2018, 2023ರ ನಾಲ್ಕೂ ವಿಧಾನಸಭಾ ಚುನಾವಣೆಗಳಲ್ಲಿ ಯಲಹಂಕ ಬಿಜೆಪಿಯ ಎಸ್.ಆರ್. ವಿಶ್ವನಾಥ್ ಅವರನ್ನು ಆರಿಸಿದರೆ, ಬ್ಯಾಟರಾಯನಪುರ ಕಾಂಗ್ರೆಸ್ಸಿನ ಕೃಷ್ಣ ಬೈರೇಗೌಡರನ್ನು ಆರಿಸಿತು. ಅದೇ ಕೃಷ್ಣ ಬೈರೇಗೌಡರು 2019ರಲ್ಲಿ ಬೆಂಗಳೂರು ಉತ್ತರದಿಂದ ಲೋಕಸಭೆಗೆ ಸ್ಪರ್ಧಿಸಿದಾಗ ಡಿ.ವಿ. ಸದಾನಂದಗೌಡರ ಎದುರು ಸೋತರು. ಪೀಣ್ಯವನ್ನು ಒಳಗೊಂಡ ದಾಸರಹಳ್ಳಿ ಎರಡು ಬಾರಿ ಬಿಜೆಪಿಯನ್ನು ಗೆಲ್ಲಿಸಿ, 2018ರಲ್ಲಿ ಜೆಡಿಎಸ್ ಕಡೆಗೆ ವಾಲಿ, 2023ರಲ್ಲಿ ಮತ್ತೆ ಬಿಜೆಪಿಗೆ ಮರಳಿತು. ಪರಿಚಿತ ಮುಖ, ಜಾತಿ ಬಲ, ಕಂದಾಯ ಬಡಾವಣೆಯ ಬಿ ಖಾತಾ, ಕಾವೇರಿ ನೀರು ಇವೆಲ್ಲ ಶಾಸಕರ ಆಯ್ಕೆಯಲ್ಲಿ ಲೆಕ್ಕಕ್ಕೆ ಬರುತ್ತವೆ; ದೆಹಲಿಯ ಆಯ್ಕೆಗೆ ಜನ ಬೇರೆ ತಕ್ಕಡಿ ಹಿಡಿಯುತ್ತಾರೆ. ಆ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ, ಅಂದರೆ ಸೇರ್ಪಡೆಯಾಗಿ 17 ವರ್ಷಗಳು ಕಳೆದ ಮೇಲೆ.

ಹೊರವಲಯದ ಮತಕ್ಕೆ ಎಷ್ಟು ತೂಕ ಬಂದಿದೆ ಎಂಬುದಕ್ಕೆ 2024ರ ಬೆಂಗಳೂರು ಕೇಂದ್ರ ಕ್ಷೇತ್ರವನ್ನು ನೋಡಬಹುದು. ಅಲ್ಲಿ ಗೆಲುವಿನ ಅಂತರ 32,707 ಮತ. ಎಂಟು ವಿಧಾನಸಭಾ ಕ್ಷೇತ್ರಗಳ ಪೈಕಿ ಮಹದೇವಪುರವೊಂದೇ ಗೆದ್ದವರಿಗೆ ಒಂದು ಲಕ್ಷಕ್ಕೂ ಮಿಗಿಲಾದ ಮುನ್ನಡೆ ಕೊಟ್ಟಿತ್ತು. ಅಲ್ಲಿನ ಮತದಾರರ ಪಟ್ಟಿಯ ಬಗ್ಗೆ 2025ರಲ್ಲಿ ಎದ್ದ ರಾಜಕೀಯ ವಾದವಿವಾದ ಈ ಲೇಖನದ ವಿಷಯವಲ್ಲ.

ಇನ್ನು ಮತದಾನದ ಪ್ರಮಾಣ. 2024ರಲ್ಲಿ ಬೆಂಗಳೂರು ದಕ್ಷಿಣ, ಕೇಂದ್ರ, ಉತ್ತರ ಮೂರರಲ್ಲೂ ಅದು ಶೇ. 53ರಿಂದ 55ರೊಳಗೆ ನಿಂತಿತು. ಬೆಂಗಳೂರು ಗ್ರಾಮಾಂತರದಲ್ಲಿ ಶೇ. 68 ದಾಟಿತು. ನಗರವಾಸಿಗಳ ನಿರಾಸಕ್ತಿಯೊಂದೇ ಇದಕ್ಕೆ ಕಾರಣವೆನ್ನಲಾಗದು. ಮನೆ ಬದಲಿಸಿದವರ ಹೆಸರು ಹಳೆಯ ಪಟ್ಟಿಯಲ್ಲೇ ಉಳಿದಿರುತ್ತದೆ. ವಸೂಲಾಗದ ಬಾಕಿಯನ್ನು ವರ್ಷವರ್ಷವೂ ಆಸ್ತಿಯೆಂದೇ ತೋರಿಸುವ ಆಢಾವೆ ಪತ್ರಿಕೆಯಂತಹುದು ಇದು. ಆದರೆ ಪಾಲಿಕೆಯ 2010 ಮತ್ತು 2015ರ ಚುನಾವಣೆಗಳಲ್ಲಿ ಅರ್ಧದಷ್ಟು ಮತದಾರರೂ ಮತಗಟ್ಟೆಗೆ ಬರಲಿಲ್ಲವೆಂಬುದು ಹೆಚ್ಚು ಚಿಂತೆಯ ಸಂಗತಿ.

ಏಕೆಂದರೆ ನಮ್ಮ ದಿನನಿತ್ಯದ ವ್ಯವಹಾರಕ್ಕೆ ಅತಿ ಹತ್ತಿರವಾದುದು ಪಾಲಿಕೆಯೇ. ಉದ್ದಿಮೆ ಪರವಾನಗಿ, ಆಸ್ತಿ ತೆರಿಗೆ, ಲಾರಿ ಓಡಾಡುವ ರಸ್ತೆ, ಮಳೆನೀರಿನ ಚರಂಡಿ ಎಲ್ಲವೂ ಅದರ ಕೈಯಲ್ಲಿವೆ. ತೆರಿಗೆಯ ಶೇ. 5 ರಿಯಾಯಿತಿ ತಪ್ಪದಂತೆ ಏಪ್ರಿಲ್‌ನಲ್ಲೇ ಹಣ ಕಟ್ಟುವ ಕಕ್ಷಿದಾರರಲ್ಲಿ ತಮ್ಮ ವಾರ್ಡಿನ ಹೆಸರು ಬಲ್ಲವರು ಎಷ್ಟು ಮಂದಿ ಎಂದು ನಾನು ಅನೇಕ ವೇಳೆ ಯೋಚಿಸಿದ್ದುಂಟು. 2020ರ ಸೆಪ್ಟೆಂಬರ್‌ನಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆ ಐದಾಗಿ ವಿಭಜನೆಗೊಳ್ಳುವವರೆಗೂ ಆಡಳಿತಾಧಿಕಾರಿಗಳೇ ಅದನ್ನು ನಡೆಸಿದರು. 2025ರ ಏಪ್ರಿಲ್‌ನಿಂದ ಘನತ್ಯಾಜ್ಯ ಬಳಕೆದಾರರ ಶುಲ್ಕ ಜಾರಿಗೆ ಬಂದಾಗ ಅದನ್ನು ಪ್ರಶ್ನಿಸಲು ಸಭೆಯೊಳಗೆ ಒಬ್ಬ ಕಾರ್ಪೊರೇಟರ್ ಸಹ ಇರಲಿಲ್ಲ.

ಉದ್ಯಮಿಗೆ ಇನ್ನೊಂದು ತೊಡಕಿದೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 19 ಮತ್ತು 20ನೇ ಪ್ರಕರಣಗಳಂತೆ ಮತದಾನದ ಹಕ್ಕು ವಾಡಿಕೆಯಾಗಿ ವಾಸಿಸುವ ಸ್ಥಳದಲ್ಲಿ ಮಾತ್ರ. ಆಸ್ತಿ ಇದ್ದ ಮಾತ್ರಕ್ಕೆ ಅಲ್ಲಿ ಮತ ದೊರೆಯದು. ಪೀಣ್ಯದಲ್ಲಿ ಷೆಡ್ಡು, ವಿಜಯನಗರದಲ್ಲಿ ಮನೆ ಇದ್ದವರು ಪೀಣ್ಯದಲ್ಲಿ ತೆರಿಗೆ ಕಟ್ಟುತ್ತಾರೆ, ವಿಜಯನಗರದಲ್ಲಿ ಮತ ಹಾಕುತ್ತಾರೆ. ಅವರ ಷೆಡ್ಡಿನಲ್ಲಿ ದುಡಿಯುವ ಉತ್ತರ ಕರ್ನಾಟಕದ ಕಾರ್ಮಿಕನ ಮತ ಬಹುಶಃ ಊರಿನಲ್ಲೇ ಇರುತ್ತದೆ. ಹೀಗಿರುವಾಗ ಕೈಗಾರಿಕಾ ಪ್ರದೇಶದ ರಸ್ತೆಗಿಂತ ವಸತಿ ಬಡಾವಣೆಯ ರಸ್ತೆಗೆ ಮೊದಲು ಡಾಂಬರು ಬಿದ್ದರೆ ಅದಕ್ಕೆ ರಾಜಕಾರಣಿಯನ್ನಷ್ಟೇ ದೂರುವುದು ನ್ಯಾಯವಲ್ಲ. ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ 2013ರಲ್ಲಿ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ರಚನೆಯಾಗಿ ಉದ್ಯಮಗಳ ಪ್ರತಿನಿಧಿಗೆ ಸ್ಥಾನ ದೊರೆಯಿತು. ಪೀಣ್ಯದವರ ಇಂಥದೇ ಬೇಡಿಕೆ ಬಹಳ ಹಳೆಯದು. ನನ್ನ ಅಭಿಪ್ರಾಯದಲ್ಲಿ, ಮತವಿಲ್ಲದ ತೆರಿಗೆದಾರನಿಗೆ ಇದಕ್ಕಿಂತ ಸುಲಭವಾದ ಮಾರ್ಗ ಸದ್ಯಕ್ಕೆ ಕಾಣುವುದಿಲ್ಲ.

ಸದಸ್ಯರು ಈಗಲೇ ಮಾಡಬಹುದಾದ ಕೆಲಸಗಳೂ ಇವೆ. ಮನೆ ಬದಲಿಸಿದವರು ನಮೂನೆ 8 ಸಲ್ಲಿಸಿ ಹೆಸರನ್ನು ವರ್ಗಾಯಿಸಿಕೊಳ್ಳಬೇಕು. ಎರಡು ಕಡೆ ಹೆಸರಿರುವುದು ಕಾನೂನಿಗೆ ವಿರುದ್ಧ. ಹೊಸದಾಗಿ 18 ತುಂಬಿದ ಮಕ್ಕಳಿಗೆ ನಮೂನೆ 6 ಉಂಟು. ಲೋಕಸಭೆ, ವಿಧಾನಸಭಾ ಚುನಾವಣೆಗಳ ಮತದಾನದ ದಿನ ನೌಕರರಿಗೆ ವೇತನಸಹಿತ ರಜೆ ನೀಡುವುದು 1951ರ ಕಾಯ್ದೆಯ 135ಬಿ ಪ್ರಕರಣದನ್ವಯ ಕಡ್ಡಾಯ. 2024ರಲ್ಲಿ ಬೆಂಗಳೂರಿಗೆ ಏಪ್ರಿಲ್ 26ರಂದು, ಉತ್ತರದ ಜಿಲ್ಲೆಗಳಿಗೆ ಮೇ 7ರಂದು ಮತದಾನ ನಡೆಯಿತು. ದಿನಾಂಕಗಳು ಹೀಗೆ ಬೇರೆಯಾದಾಗ ಕಲಬುರಗಿಯಲ್ಲಿ ಮತವಿರುವ ಕಾರ್ಮಿಕನಿಗೆ ರಜೆ ಸಲ್ಲಬೇಕಾದುದು ಅವನ ಊರಿನ ಮತದಾನದ ದಿನ. ಹಾಜರಿ ಪುಸ್ತಕದಲ್ಲಿ ಅದನ್ನು ಗೈರುಹಾಜರಿಯೆಂದು ಬರೆದು ಸಂಬಳ ಮುರಿಯುವಂತಿಲ್ಲ.